ಎರಡು ಊರಿನ ಬಸುರಿ

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಗಡಿ ತೆರೆದ ಮರುವರ್ಷ ನಾನು ಹ್ಯಾಮಿಲ್ಟನ್ನಿನಲ್ಲಿ ಸ್ವತಂತ್ರ ಮಿಡ್‌ವೈಫ್ ಆಗಿದ್ದೆ. ಮೈಸೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿಗೆ ಬಂದು ಮತ್ತೆ ವಿದ್ಯಾರ್ಥಿಯಾಗಿ ಹೆರಿಗೆ ಮಾಡಿಸುವುದನ್ನು ಕಲಿತವಳು. ನ್ಯೂಜಿಲೆಂಡಿನಲ್ಲಿ ಅರ್ಹ ವೀಸಾ ಇರುವ ಬಸುರಿಯ ಆರೈಕೆಯ ಖರ್ಚು ಸರ್ಕಾರದ್ದು. ಆಕೆ ಒಬ್ಬ ಮಿಡ್‌ವೈಫ್ ಹೆಸರಿನಲ್ಲಿ ನೋಂದಾಯಿಸಿಕೊಳ್ಳುತ್ತಾಳೆ; ಆ ಮಿಡ್‌ವೈಫ್ ಮೊದಲ ತಿಂಗಳುಗಳಿಂದ ಬಾಣಂತನದವರೆಗೆ ನೋಡಿಕೊಂಡು, ಹಂತ ಹಂತವಾಗಿ ತನ್ನ ಕೆಲಸದ ಹಣಕ್ಕೆ ಸರ್ಕಾರಕ್ಕೆ ಕ್ಲೇಮ್ ಕಳಿಸುತ್ತಾಳೆ. ಒಬ್ಬ ಬಸುರಿಗೆ ಒಂದು ಸಲಕ್ಕೆ ಒಬ್ಬಳೇ ಮಿಡ್‌ವೈಫ್, ಒಂದೇ ಹೆಸರು. ದಿನವಿಡೀ ಮನೆ ಮನೆ ಸುತ್ತಿ, ಸಂಜೆ ಕಂಪ್ಯೂಟರ್ ಮುಂದೆ ಕೂತು ಕ್ಲೇಮ್ ತುಂಬುವಾಗ ಯಾಕಪ್ಪಾ ಬೇಕಿತ್ತು ಈ ಕೆಲಸ ಅನ್ನಿಸುತ್ತಿತ್ತು.

ಅಂಥ ಒಂದು ಸಂಜೆ ನಮ್ಮೂರಿನದೇ ರೊಟೊಟೂನ ಬಡಾವಣೆಯಿಂದ ಗೀತಾ ಫೋನ್ ಮಾಡಿದಳು. ಧಾರವಾಡದ ಕಡೆಯವಳು, ಪರಿಚಯದ ಹುಡುಗಿ. ಅವಳ ತಂಗಿ ಸುಧಾ ಗಂಡನೊಂದಿಗೆ ಎರಡು ಗಂಟೆ ದಾರಿಯ ಆಕ್ಲೆಂಡಿನ ಹೆಂಡರ್ಸನ್ನಿನಲ್ಲಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ತವರು ಸಮುದ್ರದಾಚೆ ಉಳಿದದ್ದರಿಂದ ಅಕ್ಕನ ಮನೆಯೇ ತವರೆಂದು ತೀರ್ಮಾನವಾಗಿ, ಕುಬಸದ ಶಾಸ್ತ್ರ ಮುಗಿಸಿ ಸುಧಾಳನ್ನು ಕರೆತಂದಿದ್ದರು.

“ಅಲ್ಲಿನ ಮಿಡ್‌ವೈಫ್‌ಗೆ ಹೇಳಿದ್ದೀರಾ?” ಎಂದೆ.

“ಇಲ್ರಿ ಆಂಟಿ. ಹೇಳಿದ್ರ ಹೆಸರು ತಗದ್ ಹಾಕ್ತಾಳ. ಹಡದ ಹದಿನೈದು ದಿನಕ್ಕ ಅವರತ್ತಿ ಊರಿಂದ ಬರ್ತಾರ, ಇಕಿ ವಾಪಸ್ ಹೋಗ್ಬೇಕು. ಆವಾಗ ಮತ್ಯಾರು ಸಿಗ್ತಾರ? ಅಲ್ಲೀ ರಿಜಿಸ್ಟ್ರೇಷನ್ ಇರ್ಲಿ, ನೀವು ಸುಮ್ನ ಬಂದು ನೋಡ್ಕೋತ ಇರ್ರಿ.”

ಇಲ್ಲಿ ಮಿಡ್‌ವೈಫ್ ಸಿಗುವುದೇ ಕಷ್ಟ, ಅವಳ ಭಯ ಸುಳ್ಳಲ್ಲ. ಆದರೂ ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಮ್ಮ ಬುದ್ಧಿ ಎಲ್ಲಿಗೆ ಹೋದರೂ ಬಿಡುವುದಿಲ್ಲ ನೋಡಿ. “ಎರಡು ದೋಣಿಯಲ್ಲಿ ಕಾಲಿಡಬೇಡಿ. ಸುಧಾ ಸಹಿ ಮಾಡಿ ನನ್ನ ಹೆಸರಿಗೆ ಬರಲಿ, ಇಲ್ಲದಿದ್ದರೆ ಹೆಂಡರ್ಸನ್‌ಗೆ ವಾಪಸ್ ಹೋಗಲಿ” ಎಂದೆ. ವಿಚಾರ ಮಾಡಿ ಹೇಳುತ್ತೇನೆಂದು ಗೀತಾ ಫೋನ್ ಇಟ್ಟಳು. ನನ್ನ ಕೈಯಲ್ಲಿ ಆಗಲೇ ಸಾಕುಬೇಕಾಗುವಷ್ಟು ಕೇಸುಗಳಿದ್ದವು.

ಮುಂದಿನ ಶನಿವಾರ ಮತ್ತೆ ಫೋನ್. “ಮಿಡ್‌ವೈಫ್ ಆಗಿ ಬ್ಯಾಡ್ರಿ, ಆಂಟಿ ಆಗಿ ಊಟಕ್ಕ ಬರ್ರಿ.” ಜಾಣೆ! ಊಟಕ್ಕೆ ಕರೆದರೆ ಇಲ್ಲ ಅನ್ನಲಾಗುತ್ತದೆಯೇ? ಹೋದೆ.

ಸುಧಾ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖ ಊದಿತ್ತು. ಬೆರಳಿಗೆ ಬಿಗಿಯಾಯಿತೆಂದು ಉಂಗುರ ತೆಗೆದಿಟ್ಟಿದ್ದಳು.

“ತಲಿ ಭಾಳ ಸಿಡ್ಯಾಕತ್ತೈತ್ರಿ ಆಂಟಿ.”

“ಚಾ ಬಿಟ್ಟಾಳಲ್ರಿ, ಅದಕ್ಕ” ಎಂದಳು ಗೀತಾ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ.

“ಕಣ್ಣ ಮುಂದ ಚುಕ್ಕಿ ಚುಕ್ಕಿ ಕಾಣಾಕತ್ತಾವು” ಎಂದು ಸುಧಾ ಮೆಲ್ಲಗೆ ಸೇರಿಸಿದಳು.

ರೊಟ್ಟಿ ಅಲ್ಲೇ ಬಿಟ್ಟು ಎದ್ದು, ಕೈ ತೊಳೆದು, ಕಾರಿನಿಂದ ಚೀಲ ತಂದೆ. ಬಿಪಿ 168/112. ಮೂತ್ರದಲ್ಲಿ ಪ್ರೋಟೀನ್. ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತೇವೆ. ಬಸುರಿನಲ್ಲಿ ರಕ್ತದೊತ್ತಡ ಏರಿ, ಫಿಟ್ಸ್ ಬಂದು, ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗಬಲ್ಲ ಸ್ಥಿತಿ. ಹೆರಿಗೆಗೆ ಇನ್ನೂ ಐದು ವಾರವಿತ್ತು. ಆಂಬುಲೆನ್ಸಿಗೆ ಹೇಳಿ, ಸುಧಾಳನ್ನು ಎಡ ಮಗ್ಗುಲಿಗೆ ಮಲಗಿಸಿ, ಅವಳ ಫೋನಿನಿಂದಲೇ ಹೆಂಡರ್ಸನ್ನಿನ ಮಿಡ್‌ವೈಫ್ ಮೆರೆ ಎಂಬವಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದೆ.

“ಎರಡು ವಾರದಿಂದ ಅವಳನ್ನು ಹುಡುಕುತ್ತಿದ್ದೇನೆ” ಎಂದಳು ಮೆರೆ. ಧ್ವನಿ ನನ್ನದಷ್ಟೇ ದಣಿದಿತ್ತು. ಕೊನೆಯ ಭೇಟಿಯಲ್ಲೇ ಬಿಪಿ ಏರತೊಡಗಿತ್ತಂತೆ. ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಳು. ಸುಧಾ ಬರಲಿಲ್ಲ. ಮನೆಗೆ ಹೋದರೆ ಬೀಗ. ಮೆಸೇಜಿಗೆ ಮಾತ್ರ “ಆಲ್ ಗುಡ್” ಎಂದು ಉತ್ತರ ಬರುತ್ತಿತ್ತು.

ನಾನು ತಲೆಯೆತ್ತಿ ನೋಡಿದೆ. ಗೀತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಆ ಮೆಸೇಜ್ ನಾನ ಕಳಿಸಿದ್ದೆರಿ. ಇಲ್ಲಿದ್ದಾಳಂತ ಗೊತ್ತಾದ್ರ ಹೆಸರು ತಗೀತಾಳಂತ ಅಂಜಿ…”

“ಸೀಟು ಉಳಿಸೋಕೆ ಹೋಗಿ ಕೂರೋವಳನ್ನೇ ಕಳ್ಕೊಳ್ತಿದ್ರಲ್ರೀ!” ಎಂದು ರೇಗಿಬಿಟ್ಟೆ. ಅವಳು ಗೊಳೋ ಎಂದು ಅತ್ತಳು. ನನಗೆ ಸಮಾಧಾನ ಮಾಡುವಷ್ಟು ತ್ರಾಣವೂ ಇರಲಿಲ್ಲ.

ಮೆರೆ ಕಳಿಸಿದ ದಾಖಲೆಗಳು ನಾವು ಆಸ್ಪತ್ರೆ ತಲುಪುವ ಮೊದಲೇ ತಲುಪಿದ್ದವು. ಫಿಟ್ಸ್ ತಡೆಯುವ ಡ್ರಿಪ್ ಹಾಕಿದರು. ಮರುದಿನ ಬೆಳಿಗ್ಗೆ ಸಿಸೇರಿಯನ್. ಹೆಣ್ಣುಮಗು, ಅಂಗೈಯಗಲದ ಬೆನ್ನು. ಆದರೆ ಅತ್ತ ಅಳುವಿಗೆ ಥಿಯೇಟರಿನಲ್ಲಿದ್ದವರೆಲ್ಲ ನಕ್ಕರು. ಸುಧಾಳ ಬಿಪಿ ಇಳಿಯಲು ಹಲವು ದಿನ ಹಿಡಿಯಿತು. ವಾರ್ಡಿನಲ್ಲೇ ಸಹಿ ಮಾಡಿ ಅವಳು ನನ್ನ ಹೆಸರಿಗೆ ಬಂದಳು.

ಆ ಶನಿವಾರದ ಕೆಲಸಕ್ಕೆ ನಾನು ಕ್ಲೇಮ್ ಹಾಕುವಂತಿರಲಿಲ್ಲ. ಅಂದು ಅವಳು ನನ್ನ ಹೆಸರಿನಲ್ಲಿರಲಿಲ್ಲ. ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಗುಮಾಸ್ತರ ಕಾಟವೆಂದು ನಾನು ಬೈಯುತ್ತಿದ್ದ ಆ ಒಂದೇ ಹೆಸರಿನ ನಿಯಮದ ಅರ್ಥ ನನಗೆ ಹೊಳೆದದ್ದು ಆಗಲೇ. ಒಬ್ಬಳು ಫೋನ್ ಎತ್ತದಿದ್ದರೆ ಯಾರಾದರೊಬ್ಬರಿಗೆ ನಿದ್ದೆ ಕೆಡಬೇಕು. ಆ ಒಬ್ಬರು ಯಾರೆಂದು ಬಸುರಿಗೂ ಗೊತ್ತಿರಬೇಕು, ಅವಳು ಎಲ್ಲಿದ್ದಾಳೆಂದು ಆ ಒಬ್ಬರಿಗೂ ಗೊತ್ತಿರಬೇಕು. ಹಣ ಅದರ ಹಿಂದೆ ಬರುವ ಮಾತು.

ಮಗು ತೂಕ ಹಿಡಿದ ಮೇಲೆ ಒಂದು ಮಧ್ಯಾಹ್ನ ಸುಧಾಳೇ ಫೋನ್ ಮಾಡಿದಳು.

“ಆಂಟಿ, ಮಂಗಳವಾರ ಹೆಂಡರ್ಸನ್‌ಗೆ ಹೊಂಟೀನ್ರಿ. ಮೆರೆಗೆ ನಾನ ಫೋನ್ ಮಾಡಿ ಎಲ್ಲಾ ಹೇಳೀನಿ, ತಗೋತೀನಿ ಅಂದಾಳ. ಮಂಗಳವಾರ ಆಕಿ ಬಂದು ನೋಡೂ ತನಕ ನಾವಿಬ್ರೂ ನಿಮ್ಮವರು, ಹೌದಿಲ್ರಿ?”

“ಹೌದು ಕಣಮ್ಮ” ಎಂದೆ. ಫೋನ್ ಇಟ್ಟು, ಡೈರಿಯಲ್ಲಿ ಸೋಮವಾರದ ಪುಟಕ್ಕೆ ತಾಯಿ ಮಗು ಇಬ್ಬರನ್ನೂ ಬರೆದುಕೊಂಡೆ.