ಜ್ವರ ಬಾರದ ಯೆಶಾಯಪ್ಪ

ಯೆಶಾಯಪ್ಪನನ್ನು ಮಣ್ಣು ಮಾಡಿ ಇವತ್ತು ಹದಿನಾರನೆಯ ದಿನ. ಅವರ ಕ್ರೈಸ್ತ ಸಭೆಯ ಪತ್ರಿಕೆಗೆ ಅವನ ಬಗ್ಗೆ ಏನಾದರೂ ಬರೆದುಕೊಡಬೇಕೆಂದು ಅವನ ಹೆಂಡತಿ ಸುವಾರ್ತವ್ವ ಕೇಳಿದ್ದಾಳೆ. "ಒಳ್ಳೇದು ಅಷ್ಟ ಬರೀರಿ ಮಾಸ್ತರ" ಎಂದಳು. ಒಳ್ಳೆಯದನ್ನಷ್ಟೇ ಬರೆದರೆ ಅದು ಬೇರೆ ಯಾರ ಬಗ್ಗೆಯೋ ಆಗುತ್ತದೆ. ಇದ್ದದ್ದನ್ನು ಬರೆಯುತ್ತೇನೆ.

ಅವನು ಸಿಂದಗಿ ತಾಲೂಕಿನಲ್ಲಿ ಇಪ್ಪತ್ತೆರಡು ವರ್ಷ ಸಿಡುಬಿನ ಲಸಿಕೆ ಹಾಕಿದ. ಸಿಡುಬಿಗೆ ನಮ್ಮ ಕಡೆ ದೇವಿ ಅನ್ನುತ್ತಾರೆ. ಹಾಗಾಗಿ ಹಳ್ಳಿಯವರಿಗೆ ಅವನು 'ದೇವಿ ಹಾಕೋ ಯೆಶಾಯಪ್ಪ'. ಯೇಸುವಿನ ಭಕ್ತ ಸೈಕಲ್ಲಿನ ಮೇಲೆ ದೇವಿಯನ್ನು ಹೇರಿಕೊಂಡು ಆಲಮೇಲದವರೆಗೆ ಹೋಗುತ್ತಾನಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದೆ. ನಮ್ಮದು ಪಂಢರಪುರಕ್ಕೆ ನಡೆದು ಹೋಗುವ ಮನೆತನ, ನನ್ನ ಹೆಸರೇ ಪಂಢರಿ. ಅವನು ಬಿಡುತ್ತಾನೆಯೆ? "ನಿಮ್ಮ ವಿಠೋಬಾ ನಡದ ಮ್ಯಾಲ ಕೈ ಇಟ್ಟು ಸುಮ್ಮನ ನಿಂತಾನ. ಯಾರರೆ ಕೆಲಸ ಮಾಡಬೇಕಲ್ಲೋ ಪಂಢರಿ!"

ಲಸಿಕೆ ಹಾಕಿದ ಎಂಟನೆಯ ದಿನ ತಪ್ಪದೆ ಅದೇ ಊರಿಗೆ ಹೋಗಿ ತೋಳುಗಳನ್ನು ನೋಡುತ್ತಿದ್ದ. ಗುಳ್ಳೆ ಎದ್ದು ಜ್ವರ ಬಂದಿದ್ದರೆ ಲಸಿಕೆ ಕೆಲಸ ಮಾಡಿದೆ. ಏನೂ ಆಗಿರದಿದ್ದರೆ ಎರಡರಲ್ಲಿ ಒಂದು: ಹಿಂದೆಂದೋ ಹಾಕಿಸಿಕೊಂಡದ್ದರ ಬಲ ಇನ್ನೂ ಮೈಯಲ್ಲಿದೆ, ಇಲ್ಲವೇ ನಮ್ಮ ಬಿಸಿಲಿಗೆ ಸೀಸೆಯೊಳಗಿನ ಔಷಧ ಸತ್ತಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಅವರದು ಹದಿನಾಲ್ಕು ಮನೆಗಳ ಸಣ್ಣ ಸಭೆ. ಪ್ರಾರ್ಥನಾಮಂದಿರದ ಅಂಗಳದ ಬೇವಿನ ಮರಕ್ಕೆ ಗಂಟೆಯ ಬದಲು ರೈಲುಹಳಿಯ ತುಂಡೊಂದನ್ನು ಕಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಯೆಶಾಯಪ್ಪ ಒಂದು ದಪ್ಪ ಬೋಲ್ಟಿನಿಂದ ಅದನ್ನು ಹನ್ನೆರಡು ಸಲ ಬಾರಿಸಿ, ಊರನ್ನೆಲ್ಲ ಎಬ್ಬಿಸಿ, ಒಳಗೆ ಹೋಗಿ ಪಾದ್ರಿಯವರ ಪ್ರಸಂಗ ಮುಗಿಯುವವರೆಗೆ ನಿದ್ದೆ ಮಾಡುತ್ತಿದ್ದ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಸೋಲಾಪುರದಿಂದ ಒಬ್ಬ ಪ್ರಸಂಗಿ ಬಂದು ಆರಿದ ಭಕ್ತಿಯನ್ನು ಮತ್ತೆ ಹೊತ್ತಿಸಲು ಮೂರು ದಿನ ಉಜ್ಜೀವನ ಕೂಟ ನಡೆಸಿದರು. ಮೊದಲ ದಿನ ಹೆಂಗಸರು ಅತ್ತರು. ಎರಡನೆಯ ದಿನ ಗಂಡಸರೂ ಅತ್ತರು. ಟೇಲರ್ ದಾವೀದಪ್ಪ ಬೆಂಚು ಜಿಗಿದು ಕುಣಿದ. ತಲೆಯ ಮೇಲೆ ಬೆಚ್ಚಗಿನ ಎಣ್ಣೆ ಸುರಿದಂತಾಯಿತೆಂದು ಸುವಾರ್ತವ್ವ ಹೇಳಿದಳು. ಯೆಶಾಯಪ್ಪನಿಗೆ ಏನೂ ಆಗಲಿಲ್ಲ. "ಮೂರು ದಿನ ಮೊಣಕಾಲೂರೇನಿ. ಮೊಣಕಾಲಿಗೆ ಅಷ್ಟ ಅನುಭವ ಆತು" ಎಂದು ಆಮೇಲೆ ನನಗೆ ಹೇಳಿದ.

ಮೂರನೆಯ ದಿನ ಒಬ್ಬೊಬ್ಬರೇ ಎದ್ದು ತಮ್ಮ ಅನುಭವದ ಸಾಕ್ಷಿ ಹೇಳಬೇಕಿತ್ತು. ಒಳಗೆ ಬೆಂಕಿ ಹೊತ್ತಿಕೊಳ್ಳದವನು ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟಬಾರದು, ಸಭೆಯ ಸೇವೆಯನ್ನೂ ಮಾಡಬಾರದು ಎಂದು ಪ್ರಸಂಗಿಗಳು ಹೇಳಿಬಿಟ್ಟಿದ್ದರು. ಸುವಾರ್ತವ್ವ ಹೆಂಗಸರ ಸಾಲಿನಿಂದ ಕಣ್ಣು ಬಿಟ್ಟು 'ಏನರೆ ಒಂದು ಹೇಳ್ರಿ' ಎಂದು ಸನ್ನೆ ಮಾಡಿದಳು. ಅವನು ಎದ್ದು, "ನನಗ ಏನೂ ಆಗಿಲ್ರಿ" ಎಂದು ಹೇಳಿ ಕೂತ.

ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂತವನು ವಿಠೋಬನ ಸುದ್ದಿ ತೆಗೆಯಲಿಲ್ಲ. ಆಗಲೇ ನನಗೆ ಗಾಬರಿಯಾಯಿತು.

"ಇಷ್ಟು ವರ್ಷ ಹಳಿ ಬಾರಿಸೇನಿ ಪಂಢರಿ. ಒಳಗ ಏನೂ ಇಲ್ಲದ ಬಾರಿಸೇನೇನೋ?"

ಭಾವವೇ ಬೇರೆ, ಶ್ರದ್ಧೆಯೇ ಬೇರೆ ಎಂದು ನಾನು ಓದಿದ್ದನ್ನೆಲ್ಲ ಹೇಳತೊಡಗಿದೆ.

"ಮಾಸ್ತರಕಿ ಸಾಲ್ಯಾಗ ಮಾಡು" ಎಂದ.

ಚಹಾ ತಂದ ನನ್ನ ತಾಯಿ ತುಳಸೀಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗು ಸರಿಸಿ ತೋಳು ತೋರಿಸಿದಳು. "ಹೋದ ತಿಂಗಳ ನೀನ ಚುಚ್ಚಿದೆಲ್ಲೋ ಯೆಶಾಯಾ. ಗುಳ್ಳಿ ಇಲ್ಲ, ಜ್ವರ ಇಲ್ಲ. ಸಣ್ಣಾಕಿದ್ದಾಗಿಂದು ಬಲ ಇನ್ನೂ ಅದ, ಅಂಜಬ್ಯಾಡ ಆಯಿ ಅಂದಿ. ನನಗೊಂದು ಕಾಯ್ದೆ, ನಿನಗೊಂದು ಕಾಯ್ದೆ ಏನು?"

ಅವನು ನಕ್ಕ. ಆದರೆ ಬಹಳ ಹೊತ್ತು ನಗಲಿಲ್ಲ. "ಔಷಧ ಸತ್ತಿದ್ರೂ ಹಂಗ ಆಗತೈತಿ ಆಯಿ."

"ಮತ್ತ ಅದು ಹೆಂಗ ಗೊತ್ತಾಗಬೇಕು?"

"ರೋಗ ಮನಿ ಹೊಕ್ಕಾಗ."

ಪ್ರಸಂಗಿಗಳು ಹೇಳಿದ್ದರಲ್ಲಿ ಅವನು ಅರ್ಧ ಮಾತ್ರ ಕೇಳಿದ. ಭಾನುವಾರ ಎಂದಿನಂತೆ ಹಳಿ ಬಾರಿಸಿದ. ರೊಟ್ಟಿಯ ತಟ್ಟೆ ಬಂದಾಗ ಮುಟ್ಟದೆ ಪಕ್ಕದವರಿಗೆ ಕೊಟ್ಟ. ಅವರ ಪಾದ್ರಿಯವರು ಸಾಧು ಮನುಷ್ಯ. "ಅವರು ಹೇಳಿ ಹೋದ್ರು, ನೀನು ತಿನ್ನಪ್ಪಾ" ಎಂದರು. "ಖಾತ್ರಿ ಆದ ಮ್ಯಾಲ ತಿಂತೇನ್ರಿ" ಎಂದ. ಹಾಗೆ ಐದು ವರ್ಷ ಬಾರಿಸಿದ, ಐದು ವರ್ಷ ತಿನ್ನಲಿಲ್ಲ. ಇಂಥ ಹಟಮಾರಿ ಕತ್ತೆಯನ್ನು ನಾನು ಬೇರೆ ಕಂಡಿಲ್ಲ.

ಬೆಂಚು ಜಿಗಿದ ದಾವೀದಪ್ಪ ಮಳೆಗಾಲ ಮುಗಿಯುವಷ್ಟರಲ್ಲಿ ಭಾನುವಾರವೂ ಮಿಷಿನ್ನು ತುಳಿಯುತ್ತಿದ್ದ. ಸುವಾರ್ತವ್ವನ ಬೆಚ್ಚಗಿನ ಎಣ್ಣೆಯೂ ದಸರೆಯ ಹೊತ್ತಿಗೆ ಆರಿತು. ದೇವರು ಕೈಬಿಟ್ಟನೆಂದು ಅವಳು ಅತ್ತಾಗ ಯೆಶಾಯಪ್ಪ, "ಜ್ವರ ಇಳಿದ್ರ ಆರಾಮ ಆದಂಗ, ಹುಚ್ಚಿ" ಎಂದು ಅವಳ ತಲೆ ಸವರಿದನಂತೆ. ಇದನ್ನು ಹೇಳಿದವಳು ಅವಳೇ. ಹೆಂಡತಿಗೆ ಕೊಟ್ಟ ಸಮಾಧಾನವನ್ನು ತನಗೆ ಕೊಟ್ಟುಕೊಳ್ಳಲು ಮಾತ್ರ ಅವನಿಗೆ ಬರಲಿಲ್ಲ.

ಈ ವರ್ಷ ಶ್ರಾವಣದಲ್ಲಿ ಅವನ ಕೆಮ್ಮಿನಲ್ಲಿ ರಕ್ತ ಬಿತ್ತು. ಬಿಜಾಪುರದ ಡಾಕ್ಟರು ಎದೆಯ ಚಿತ್ರ ತೆಗೆದು ನೋಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅರ್ಥ ಎಲ್ಲರಿಗೂ ಆಯಿತು.

ಬಾರಿಸಲು ತೋಳಿನಲ್ಲಿ ಶಕ್ತಿ ಉಳಿಯದಾದಾಗ ಬೋಲ್ಟನ್ನು ನನ್ನ ಕೈಗೆ ಕೊಟ್ಟ. "ನಾಳೆಯಿಂದ ನೀ ಹೋಗು."

"ಹಣಿಗೆ ಗಂಧ ಹಚ್ಚಿಕೊಂಡಾಂವ ನಿಮ್ಮ ಗಂಟಿ ಬಾರಿಸಬೇಕೇನು?"

"ಹಳಿಗೆ ಕಣ್ಣಿಲ್ಲ. ಹೋಗಲೇ."

ಹೋಗಿ ಬಾರಿಸಿ ಬಂದೆ. ಅವನು ಮಂಚದ ಮೇಲೆ ಬೆರಳು ಮಡಚಿ ಎಣಿಸಿದ್ದ. "ಹನ್ನೊಂದ ಆದ್ವು. ಒಂದು ವಿಠೋಬಾಗ ಅಂತ ತಗದಿಟ್ಟಿಯೇನು?"

ಕೊನೆಯ ವಾರದಲ್ಲಿ ನಾನು ತಡೆಯಲಾರದೆ ಕೇಳಿದೆ: "ಈಗರೆ ಒಳಗ ಏನರೆ ಅನಸ್ತದೇನೋ?"

ಕಳೆದ ವಸ್ತುವನ್ನು ಹುಡುಕುವವನಂತೆ ಕಣ್ಣು ಮುಚ್ಚಿ ಹುಡುಕಿದ. "ಇಲ್ಲ. ಕೆಮ್ಮ ಅಷ್ಟ."

"ಅಂಜಿಕಿ?"

ಅದನ್ನೂ ಹುಡುಕಿದ. "ಅದೂ ಇಲ್ಲಲೇ." ಸ್ವಲ್ಪ ಹೊತ್ತಿಗೆ ಅವನ ಮೈ ಅಲುಗತೊಡಗಿತು. ಕೆಮ್ಮು ಅಂದುಕೊಂಡೆ. ನಗುತ್ತಿದ್ದ. "ಪಂಢರಿ, ರೋಗ ಮನಿ ಹೊಕ್ಕು ಮೂರು ತಿಂಗಳಾತು. ಒಂದು ದಿನ ಅಂಜಿಲ್ಲ ನಾ. ಲಕ್ಷ್ಯನ ಇರಲಿಲ್ಲ ನೋಡು! ಔಷಧ ಸತ್ತಿಲ್ಲಲೇ."

ಸುವಾರ್ತವ್ವನನ್ನು ಕೂಗಿ ಪಾದ್ರಿಯವರನ್ನು ಕರೆಸಿದ. ಐದು ವರ್ಷದ ಮೇಲೆ ರೊಟ್ಟಿಯ ತುಣುಕು ಬಾಯಿಗಿಟ್ಟುಕೊಂಡ. ಪಾದ್ರಿಯವರ ಕಣ್ಣಲ್ಲಿ ನೀರು, ಸುವಾರ್ತವ್ವನ ಕಣ್ಣಲ್ಲಿ ನೀರು. ಅವನು ನಿಧಾನವಾಗಿ ಅಗಿದು ನುಂಗಿ, "ಉಪ್ಪು ಕಡಿಮಿ ಆಗೇತಿ" ಎಂದ.

ಶನಿವಾರ ಸಂಜೆ ಹೋದ. ಭಾನುವಾರ ಮಣ್ಣು ಮಾಡಿದೆವು.

ಎಂಟನೆಯ ದಿನ ಮತ್ತೆ ಭಾನುವಾರ. ನನಗೆ ಯಾರೂ ಹೇಳಿರಲಿಲ್ಲ. ಬೋಲ್ಟು ತೆಗೆದುಕೊಂಡು ಬೇವಿನ ಮರದ ಕೆಳಗೆ ಹೋದೆ. ಬಾರಿಸುವಾಗಲಾದರೂ ಅಳು ಬಂದೀತೆಂದು ಕಾದೆ. ಬರಲಿಲ್ಲ. ಅಂಗೈ ಉರಿಯಿತು. ಎಣಿಸಿ ಹನ್ನೆರಡು ಬಾರಿಸಿದೆ. ಸುವಾರ್ತವ್ವ ಮಂದಿರದ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ನಿನ್ನೆಯೂ ಹೋಗಿ ಬಾರಿಸಿದೆ. ಬೋಲ್ಟು ನಮ್ಮ ಮನೆಯಲ್ಲೇ ಇದೆ, ಅವ್ವ ಅದನ್ನು ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾಳೆ.