ಗುರುವಪ್ಪ ಮಾವ ತಾವೇ ಓದಿದ ಮೆಸೇಜು

ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಗುರುವಪ್ಪ ಮಾವನ ಏಟು ತಿನ್ನದ ವಸ್ತುವೇ ಇಲ್ಲ. ಲಿಫ್ಟಿನ ಬಾಗಿಲು, ನೀರಿನ ಪಂಪು, ಒಮ್ಮೆ ಸೊಸೈಟಿ ಸೆಕ್ರೆಟರಿಯ ಕಪಾಳ. ಠಾಣೆ ಊರಿನ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಹೊಯ್ದವರು. ಸುಟ್ಟು ಸುಟ್ಟು ಬೆರಳ ತುದಿ ಹಲಗೆಯಾಗಿದೆ. ಆ ಬೆರಳನ್ನು ಫೋನು ಬೆರಳೆಂದೇ ಒಪ್ಪುವುದಿಲ್ಲ. ಹತ್ತು ಸಲ ಒತ್ತುತ್ತಾರೆ, ಹನ್ನೊಂದನೆಯ ಸಲ ಗೋಡೆಗೆ ಎಸೆಯುತ್ತಾರೆ.

ಹಾಗಾಗಿ ಐರೋಲಿಯಲ್ಲಿರುವ ಮಗಳು ತೃಪ್ತಿಯ ಮೆಸೇಜನ್ನು ಮಗ ದಯಾನಂದನೇ ಓದಿ ಹೇಳುತ್ತಿದ್ದ. ಫೋನಿನಲ್ಲಿ ಮಾತಾಡಿದರೆ ಅವಳ ಗಂಡ ವಾಸು ಪಕ್ಕದಲ್ಲೇ ನಿಲ್ಲುತ್ತಿದ್ದ. ಮುಂಬಯಿಯಲ್ಲೇ ಹುಟ್ಟಿದ ಅವನಿಗೆ ಕನ್ನಡ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಅದಕ್ಕೇ ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು.

"ಆರಾಮ ಇದ್ದಾಳಂತೆ ಅಪ್ಪ. ಪತ್ರೊಡೆ ಮಾಡಿದಳಂತೆ," ಎನ್ನುತ್ತಿದ್ದ ದಯಾನಂದ.

ಕಳೆದ ಭಾನುವಾರ ಪಕ್ಕದ ಮನೆಯ ನಾನು ಮಾವನ ಫೋನಿನ ಅಕ್ಷರ ದೊಡ್ಡದು ಮಾಡಿ, ಪರದೆ ಮುಟ್ಟಲು ರಬ್ಬರ್ ತುದಿಯ ಪೆನ್ನೊಂದನ್ನು ಕೊಟ್ಟೆ.

"ಮೆಲ್ಲ ಮುಟ್ಟಿ ಮಾವ. ಗುದ್ದುದಲ್ಲ."

"ನನಗೆ ಕಲಿಸ್ತೀಯಾ ಮಾನಸಿ? ಹಲ್ಲು ಉದುರಿಸ್ತೇನೆ ನೋಡು!"

ಮುಟ್ಟಿದರು. ಪರದೆ ಸರಿಯಿತು. ಸಾಲಿಗೆ ಮೂರೇ ಪದ, ಹುಣಸೆಬೀಜದಷ್ಟು ದಪ್ಪ ಅಕ್ಷರ. ಗಟ್ಟಿಯಾಗಿ ಓದಿದರು: "ಅಪ್ಪಾ, ನಿನ್ನೆ ಬೆಲ್ಟಲ್ಲಿ ಹೊಡೆದ. ಎಡಗಿವಿ ಕೇಳುದಿಲ್ಲ. ನೀವು ಯಾಕೆ ಬರುದಿಲ್ಲ?"

ಹಿಂದಿನದಕ್ಕೆ ಹೋದರು. ನಾಲ್ಕು ತಿಂಗಳೂ ಅದೇ. ಪತ್ರೊಡೆ ಎಲ್ಲೂ ಇರಲಿಲ್ಲ.

ಸ್ನಾನ ಮುಗಿಸಿ ಬಂದ ದಯಾನಂದನ ಕುತ್ತಿಗೆ ಹಿಡಿದು ಕಪಾಟಿಗೆ ಬಡಿದರು. ಗಾಜು ಒಡೆದು ಅವನ ಹಣೆಯಿಂದ ರಕ್ತ ಇಳಿಯಿತು.

"ಎಂತ ಓದಿದ್ದು ನೀನು? ಎಂತ ಓದಿದ್ದು?"

"ನನ್ನ ಕೆಲಸ ಬಾವನ ಕ್ಯಾಂಟೀನಲ್ಲಿ ಅಪ್ಪಾ... ತನ್ನಿಂದ ತಾನೇ ಸರಿಯಾಗ್ತದೆ ಅಂತ..."

"ಸರಿ ಮಾಡುವ."

ಮಾವ ಐರೋಲಿಗೆ ಹೊರಟೇಬಿಟ್ಟರು. ಹಿಂದೆಯೇ ನಾನೂ ಓಡಿದೆ. ಠಾಣೆಯಲ್ಲಿ ರೈಲುಗಾಡಿ ಬದಲಿಸುವಾಗ, "ಪೊಲೀಸರಿಗೆ ಹೇಳುವ ಮಾವ," ಎಂದೆ.

"ನೀನು ಹೇಳು. ನಾನು ಹೊಡೀತೇನೆ."

ವಾಸು ಬಾಗಿಲು ತೆರೆದು "ಅರೇ ಮಾವ, ಆಯಿಯೇ" ಎನ್ನುವಷ್ಟರಲ್ಲಿ ಅವನ ಮೂಗು ಮುರಿದಿತ್ತು. ಅವನೂ ಬಿಡಲಿಲ್ಲ. ಕುಕ್ಕರ್ ಎತ್ತಿ ಮಾವನ ಭುಜಕ್ಕೆ ಬೀಸಿದ. ಎಲುಬಿನ ಸದ್ದು ನನಗೂ ಕೇಳಿತು. ಬಿದ್ದವರ ಪಕ್ಕೆಗೆ ಒದೆಯತೊಡಗಿದ. ಆಗ ಒಳಗಿಂದ ಬಂದ ತೃಪ್ತಿ ಇಸ್ತ್ರಿಪೆಟ್ಟಿಗೆಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಒಂದಲ್ಲ, ಮೂರು ಸಲ.

ನಾನು ಕರೆದ ಪೊಲೀಸರು ಎಲ್ಲರನ್ನೂ ಪೊಲೀಸ್ ಸ್ಟೇಷನ್ನಿಗೆ ಒಯ್ದರು. ಮಾವ ಮುದುಕರು, ತಲೆ ಸರಿಯಿಲ್ಲ, ಸುಮ್ಮನೆ ನುಗ್ಗಿ ಹೊಡೆದರು ಎಂದ ವಾಸು. ಹವಾಲ್ದಾರ್ ಪುರಾವೆ ಕೇಳಿದ. ಮಾವ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಜೋತ ತೋಳನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಮೆಸೇಜಿನಿಂದ ಓದತೊಡಗಿದರು. ನಾನು ಮರಾಠಿಯಲ್ಲಿ ಹೇಳಿದೆ, ಹವಾಲ್ದಾರ್ ಬರೆದುಕೊಂಡ.

ಎರಡು ಗಂಟೆ ಹಿಡಿಯಿತು. ತೃಪ್ತಿ "ಸಾಕು ಅಪ್ಪಾ" ಎಂದರೂ ಒಂದು ಸಾಲನ್ನೂ ಬಿಡಲಿಲ್ಲ.