ಪಂಕ್ತಿಗೆ ನುಗ್ಗಿದ ಕ್ಯಾಮೆರಾ

ಪರದೆಯ ಮೇಲೆ ಯಾರಾದರೂ ಊಟ ಮಾಡುವುದನ್ನು ನಾನು ನೋಡಲಾರೆ. ಮನೆಯಲ್ಲಿ ಮಕ್ಕಳು ಅಂಥ ವಿಡಿಯೋ ಹಾಕಿಕೊಂಡು ಕೂತರೆ ನಾನು ಎದ್ದು ಹೋಗುತ್ತೇನೆ. "ಅಮ್ಮನಿಗೆ ಇದೊಂದು ಹುಚ್ಚು" ಎಂದು ಅವರು ನಗುತ್ತಾರೆ. ನಗಲಿ. ಒಬ್ಬರ ಬಾಯಿಗೆ ತುತ್ತು ಹೋಗುವುದನ್ನು ಊರಿಗೆಲ್ಲ ತೋರಿಸಿ ವ್ಯಾಪಾರ ಬೆಳೆಸಬಹುದು ಎಂದು ನಮ್ಮ ಬೀದಿಗೆ ಕಲಿಸಿಕೊಟ್ಟವನು ನನ್ನ ಸ್ವಂತ ಅಣ್ಣ. ಆ ಹೇಸಿಗೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಅಪ್ಪ ಅಡುಗೆ ಕಾಂಟ್ರಾಕ್ಟರು. ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಿನಲ್ಲಿ ಕೊಪ್ಪರಿಗೆ, ಹಂಡೆ, ದೊಡ್ಡ ದೊಡ್ಡ ಜಾಲರಿ ಸೌಟುಗಳು ಯಾವಾಗಲೂ ಬೋರಲಾಗಿ ಬಿದ್ದಿರುತ್ತಿದ್ದವು. ಬಸವನಗುಡಿ, ಶಂಕರಪುರಂ, ಅತ್ತ ಮಲ್ಲೇಶ್ವರದ ತನಕ ಮದುವೆ, ಮುಂಜಿ, ಸೀಮಂತ ಎಂದರೆ ಭಟ್ಟರನ್ನು ಕರೆಸಿ ಎನ್ನುತ್ತಿದ್ದರು. ತಿಥಿಗೂ ಅವರೇ. ಆದರೆ ಮದುವೆ ಮಾತಾಡಲು ಬಂದವರ ಮುಂದೆ ಅಪ್ಪ ತಿಥಿಯ ಸುದ್ದಿ ಎತ್ತುತ್ತಿರಲಿಲ್ಲ, ಸಾವಿನ ಮನೆಯಲ್ಲಿ ಮದುವೆಯ ಸುದ್ದಿ ಎತ್ತುತ್ತಿರಲಿಲ್ಲ. ಬಡಿಸಲು ಬರುವ ಹುಡುಗರಿಗೆಲ್ಲ ಅವರದು ಒಂದೇ ಪಾಠ. "ಎಲೆ ನೋಡ್ಕೊಂಡು ಬಡಿಸ್ರಪ್ಪಾ, ಮುಖ ನೋಡ್ಬೇಡಿ. ಮುಖ ನೋಡಿದ್ರೆ ಇನ್ನೊಂದ್ಸಲ ಕೇಳಕ್ಕೆ ಸಂಕೋಚ ಆಗತ್ತೆ ಅವರಿಗೆ." ಹೊಟ್ಟೆ ತುಂಬಾ ತಿನ್ನುವವನನ್ನು ದಿಟ್ಟಿಸಬಾರದು ಎನ್ನುವುದು ಅಪ್ಪನ ಮಟ್ಟಿಗೆ ಅಡುಗೆಯಷ್ಟೇ ದೊಡ್ಡ ವಿದ್ಯೆ.

ಅಮ್ಮ ತೀರಿಕೊಂಡ ಮೇಲೆ ಮನೆಯ ಫೋನು ಎತ್ತುವುದು, ಬಂದವರ ಜೊತೆ ಮಾತಾಡಿ ದಿನ ಗೊತ್ತುಮಾಡುವುದು ನನ್ನ ಪಾಲಿಗೆ ಬಂತು. ಅಣ್ಣ ಬಿ.ಕಾಂ. ಮುಗಿಸಿ, ನೌಕರಿ ಬೇಡವೆಂದು ಅಪ್ಪನ ಜೊತೆ ಸೇರಿಕೊಂಡಿದ್ದ. ಸೌಟು ಹಿಡಿಯುವುದಕ್ಕಲ್ಲ. ವ್ಯಾಪಾರ ಬೆಳೆಸುವುದಕ್ಕೆ. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಮನೆಮನೆಗೆ ಕೇಬಲ್ ಬಂದಿತ್ತು. ನಮ್ಮ ಹಿಂದಿನ ಬೀದಿಯ ಕೇಬಲ್‌ನವನು ಒಂದು ಕಾರ್ ಶೆಡ್ಡಿನಲ್ಲಿ ವಿ.ಸಿ.ಆರ್. ಇಟ್ಟುಕೊಂಡು ತನ್ನದೇ ಒಂದು ಚಾನೆಲ್ ನಡೆಸುತ್ತಿದ್ದ. ದಿನಾ ಸಂಜೆ ಒಂದು ಸಿನಿಮಾ, ಅದರ ಕೆಳಗೆ ಟೈಲರ್ ಅಂಗಡಿ, ಟ್ಯೂಷನ್, ಸೀರೆಗೆ ಫಾಲ್ಸ್ ಹಾಕಿಕೊಡುವವರ ಜಾಹೀರಾತು ಓಡುತ್ತಿತ್ತು. ಸಿನಿಮಾಕ್ಕೆ ಮುಂಚಿನ ಅರ್ಧ ಗಂಟೆಯನ್ನು ಅಣ್ಣ ಹಿಡಿದುಕೊಂಡ. ‘ಶುಭಭೋಜನ’ ಎಂದು ಹೆಸರಿಟ್ಟ.

ಶುರುವಿನಲ್ಲಿ ಅದನ್ನು ನೋಡಿದವರು ನಾವು ಮೂರು ಜನ ಮಾತ್ರ. ಕೊಪ್ಪರಿಗೆಯಲ್ಲಿ ಹುಳಿ ಕುದಿಯುವುದು, ಅಪ್ಪ ಒಗ್ಗರಣೆ ಹಾಕುವುದು, ಕೊನೆಗೆ ನಮ್ಮ ಫೋನ್ ನಂಬರು. ಅಪ್ಪ ಒಂದು ಸಲ ನೋಡಿ, "ವಾಸನೆ ಬರದ ಒಗ್ಗರಣೆ ಯಾರಿಗಪ್ಪಾ ಬೇಕು?" ಎಂದು ಎದ್ದುಹೋದರು. ಆಮೇಲೊಂದು ಮದುವೆಯಲ್ಲಿ ವಿಡಿಯೋದವನು ಅಡುಗೆಮನೆಯ ಹೊಗೆ ತಾಳಲಾರದೆ ಹೊರಗೆ ಬಂದು, ಊಟದ ಪಂಕ್ತಿಯನ್ನು ಈ ತುದಿಯಿಂದ ಆ ತುದಿಗೆ ತೆಗೆದುಬಿಟ್ಟ. ಅದು ಸಂಜೆ ಕೇಬಲ್‌ನಲ್ಲಿ ಬಂದಿದ್ದೇ ತಡ, ನಮ್ಮ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಅಡುಗೆಗೆ ಕರೆಯಲು ಯಾರೂ ಮಾಡಿದ್ದಲ್ಲ. "ನಮ್ಮ ಭಾವನ್ನ ತೋರಿಸಿದ್ರಿ, ನಮ್ಮನ್ನ ಯಾಕೆ ತೋರಿಸ್ಲಿಲ್ಲ?" ಎಂದು ಜಗಳಕ್ಕೆ ಮಾಡಿದ್ದು.

ಅಣ್ಣನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಕ್ಯಾಮೆರಾ ಕೊಪ್ಪರಿಗೆಯ ಕಡೆ ತಿರುಗಲೇ ಇಲ್ಲ. ತಿನ್ನುವವರನ್ನೇ ತೆಗೆಯಿತು. ಬಸವನಗುಡಿಯ ದೊಡ್ಡ ದೊಡ್ಡ ಮನುಷ್ಯರು, ಬ್ಯಾಂಕಿನವರು, ಮೇಷ್ಟರುಗಳು, ಸಂಜೆ ಟಿ.ವಿ. ಮುಂದೆ ಕೂತು ತಾವು ಸಾರನ್ನ ಸೊರ್ ಎನ್ನಿಸುವುದನ್ನು ತಾವೇ ನೋಡಿ ಆನಂದಪಡುತ್ತಿದ್ದರು. ಲೈಟು ಮುಖದ ಮೇಲೆ ಬಿದ್ದ ಕೂಡಲೇ ಕೆಲವರು ಬಾಯಿ ತುಂಬಿಕೊಂಡೇ ಹಲ್ಲು ಕಿರಿಯುತ್ತಿದ್ದರು. ಹಲ್ಲಿನ ಸಂದಿಯಲ್ಲಿ ಕೋಸಂಬರಿ, ಗಲ್ಲದ ಮೇಲೆ ಪಾಯಸ, ಮೊಣಕೈವರೆಗೆ ಇಳಿದ ಮಜ್ಜಿಗೆ. ಪಕ್ಕದವರು "ಇವ್ರಿಗೆ ಇನ್ನೊಂದು ಹೋಳಿಗೆ ಹಾಕ್ರೀ, ವಿಡಿಯೋ ತೆಗೀತಿದಾರೆ" ಎಂದು ಕೂಗುವುದು, ಆ ಪುಣ್ಯಾತ್ಮ ಬೇಡದ ಹೋಳಿಗೆಯನ್ನು ಮಡಚಿ ಬಾಯಿಗೆ ತುರುಕಿಕೊಂಡು ಕಣ್ಣು ಮೇಲೆ ಮಾಡುವುದು. ಥೂ. ವಿಡಿಯೋದವನು ಬೂಟು ಹಾಕಿಕೊಂಡೇ ಎಲೆಗಳ ನಡುವೆ ಓಡಾಡುತ್ತಿದ್ದ. ಲೈಟಿನ ವೈರು ಅವನ ಹಿಂದೆ ಎಳೆದುಕೊಂಡು ಬರುತ್ತಾ ಒಂದು ಎಲೆಯ ಪಾಯಸದಲ್ಲಿ ಅದ್ದಿ ಇನ್ನೊಂದು ಎಲೆಯ ಅನ್ನದ ಮೇಲೆ ಹಾಯುತ್ತಿತ್ತು. ಮಡಿ ಮಡಿ ಎಂದು ಹಾರಾಡುವವರೇ ಆ ಅನ್ನ ತಿಂದರು. ಕ್ಯಾಮೆರಾ ಎದುರು ಯಾರಿಗೂ ಮಡಿಯ ನೆನಪಾಗಲಿಲ್ಲ.

ಅಪ್ಪ ಗೊಣಗಿದರು. ಆದರೆ ಅಡುಗೆಗೆ ಕರೆ ಬರುತ್ತಿದ್ದದ್ದು ನಿಜ, ಮನೆ ನಡೆಯುತ್ತಿದ್ದದ್ದೂ ನಿಜ. ಛತ್ರ ಗೊತ್ತುಮಾಡುವ ಮುಂಚೆಯೇ ಜನ ನಮ್ಮಲ್ಲಿಗೆ ಬಂದು "ವಿಡಿಯೋ ಇರತ್ತೆ ತಾನೇ?" ಎಂದು ಕೇಳುತ್ತಿದ್ದರು. ಅಡುಗೆ ಏನು ಎಂದು ಕೇಳುವುದು ಆಮೇಲೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ನಮ್ಮಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಚಾನೆಲ್‌ಗೆ ಮಾತ್ರ ದಿನಾ ಸಂಜೆ ಹೊಸದು ಬೇಕು. ಹಳೆಯದನ್ನೇ ಮತ್ತೆ ಮತ್ತೆ ಹಾಕಿದಾಗ ಕೇಬಲ್‌ನವನು, ಹೀಗಾದರೆ ನಿನ್ನ ಅರ್ಧ ಗಂಟೆ ಚಪ್ಪಲಿ ಅಂಗಡಿಯವನಿಗೆ ಕೊಡುತ್ತೇನೆ ಎಂದ. ಅಣ್ಣ ಉಗುರು ಕಚ್ಚುತ್ತಾ ಓಡಾಡಿದ. ಜನ ಸಾಯುವುದಕ್ಕೆ ಆಷಾಢ ಅಡ್ಡಿ ಬರುವುದಿಲ್ಲ ಎನ್ನುವುದು ಅವನಿಗೆ ಹೊಳೆದದ್ದು ಆಗಲೇ.

ಶಂಕರಪುರದಲ್ಲಿ ನಮ್ಮ ಅಮ್ಮನ ಗೆಳತಿಯೊಬ್ಬರಿದ್ದರು. ನೆಂಟಸ್ತಿಕೆ ಏನಿಲ್ಲ, ಆದರೂ ನಾವು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಅಮ್ಮ ಹೋದ ಮೇಲೆ ಹಬ್ಬಕ್ಕೆ ನನ್ನ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವರು ಅವರು. ಅವರ ಯಜಮಾನರು ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ದೊಡ್ಡಮ್ಮನೇ ಅವರಿಗೆ ತಿನ್ನಿಸಿ, ತೊಳೆದು, ಮಗ್ಗುಲು ಬದಲಾಯಿಸಿ ನೋಡಿಕೊಂಡರು. ಯಜಮಾನರಿಗೆ ಸಿಹಿ ಕಂಡರೆ ಮಗುವಿನಂತೆ ಹಟ. ಅದಕ್ಕೆ ದೊಡ್ಡಮ್ಮ ಮನೆಯೊಳಗೆ ಸಕ್ಕರೆಯನ್ನೇ ತರಿಸುತ್ತಿರಲಿಲ್ಲ, ತಾವೂ ಎಲ್ಲೂ ತಿನ್ನುತ್ತಿರಲಿಲ್ಲ. ಆ ಆಷಾಢದಲ್ಲಿ ಯಜಮಾನರು ತೀರಿಕೊಂಡರು.

ಹದಿಮೂರನೆಯ ದಿನ ಸೂತಕ ಕಳೆದು ನೆಂಟರಿಗೆಲ್ಲ ಸಿಹಿಯೂಟ ಹಾಕುವುದು ನಮ್ಮ ಪದ್ಧತಿ. ಅದಕ್ಕೆ ವೈಕುಂಠ ಸಮಾರಾಧನೆ ಎನ್ನುತ್ತಾರೆ; ಆ ದಿನಕ್ಕೆ ಶುಭಸ್ವೀಕಾರವೆಂದೂ ಹೆಸರು. ಎಲೆಯನ್ನಷ್ಟೇ ನೋಡಿದರೆ ಮದುವೆ ಊಟವೇ: ಲಾಡು, ಆಂಬೊಡೆ, ಪುಳಿಯೋಗರೆ. ಅಡುಗೆ ಅಪ್ಪನದು. ಅಣ್ಣ ವಿಡಿಯೋದವನನ್ನು ಕರೆತಂದ. ದೊಡ್ಡಮ್ಮನ ಮಗನಿಗೆ "ನೆನಪಿಗಿರ್ಲಿ ಅಂತ ತೆಗಿಸ್ತೀನಿ, ನೀವೇನೂ ಕೊಡ್ಬೇಕಾಗಿಲ್ಲ" ಎಂದ. ಮಗ ನೆಂಟರ ಗಲಾಟೆಯಲ್ಲಿ ತಲೆಯಾಡಿಸಿಬಿಟ್ಟ. ನನಗೆ ತಿಳಿದಾಗ ನಾನು ಅಣ್ಣನನ್ನು ಪಕ್ಕಕ್ಕೆ ಎಳೆದು ಬೈದೆ. ಅವನ ಉತ್ತರ ಈಗಲೂ ಕಿವಿಯಲ್ಲಿದೆ. "ಇವತ್ತು ಶುಭಸ್ವೀಕಾರ ಕಣೇ. ಪುರೋಹಿತರೇ ಶುಭ ಅಂದ್ಮೇಲೆ ಶುಭಭೋಜನದಲ್ಲಿ ಹಾಕಕ್ಕೆ ಏನಂತೆ?" ಪದ್ಧತಿಯನ್ನು ಬಾಯಿಪಾಠ ಮಾಡಿ ಬೆಳೆದವರು ಮಾತ್ರ ಇಂಥ ಲಜ್ಜೆಗೆಟ್ಟ ಲೆಕ್ಕ ಹಾಕಬಲ್ಲರು.

ದೊಡ್ಡಮ್ಮ ಕೊನೆಯ ಪಂಕ್ತಿಯಲ್ಲಿ, ಗೋಡೆ ಪಕ್ಕದ ಎಲೆಗೆ ಕೂತರು. ನಾನೇ ಬಡಿಸುತ್ತಿದ್ದೆ. ಹದಿಮೂರು ದಿನವೂ ಅವರು ಅರೆಹೊಟ್ಟೆ. ಅದಕ್ಕೂ ಹಿಂದೆ ಎಷ್ಟೋ ವರ್ಷ ಬಿಸಿ ಅನ್ನ ಉಂಡವರಲ್ಲ. ಲಾಡು ಮುರಿದು ಒಂದು ಚೂರು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಚೂರು, ಮತ್ತೊಂದು ಚೂರು, ಆಮೇಲೆ ಉಳಿದದ್ದನ್ನು ಒಂದೇ ಸಲ ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ, ಕಣ್ಣು ತೆರೆಯದೆಯೇ "ಇನ್ನೊಂದು ಹಾಕೇ" ಎಂದರು. ನಾನು ಹಾಕಿದೆ. ಲೈಟು ನನ್ನ ಬೆನ್ನ ಹಿಂದಿನಿಂದ ಅವರ ಮುಖದ ಮೇಲೆ ಬಿತ್ತು. ನಾನು ತಿರುಗಿ ಅಡ್ಡ ನಿಲ್ಲುವ ಹೊತ್ತಿಗೆ ವಿಡಿಯೋದವನು ತೆಗೆದು ಮುಗಿಸಿದ್ದ.

ಮರುದಿನ ಸಂಜೆ ಚಾಮರಾಜಪೇಟೆ, ಶಂಕರಪುರಂ ಅದನ್ನು ನೋಡಿದವು. ಪರದೆ ತುಂಬಾ ದೊಡ್ಡಮ್ಮನ ಬಾಯಿ, ತುಟಿಗೆ ಅಂಟಿದ ಬೂಂದಿ, ಬೆರಳು ನೆಕ್ಕುವ ನಾಲಗೆ. ಕೆಳಗೆ ನಮ್ಮ ಫೋನ್ ನಂಬರು. ಗಂಡ ಸತ್ತ ಮನೆಯ ಊಟ ಎಂದು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿದರು. ಯಾರಾದರೂ ಬಂದು ಅಣ್ಣನ ಮುಖಕ್ಕೆ ಉಗಿಯುತ್ತಾರೆ ಎಂದು ನಾನು ಕಾದೆ. ಒಬ್ಬರೂ ಬರಲಿಲ್ಲ. ಫೋನು ಮಾತ್ರ ಬಂತು. "ಆ ಲಾಡು ಅಜ್ಜಿದು ಇನ್ನೊಂದ್ಸಲ ಹಾಕ್ರಿ, ನಮ್ಮನೆಯೋರು ನೋಡಿಲ್ಲ." ಅಣ್ಣ ಮತ್ತೆ ಹಾಕಿದ. ಆಮೇಲೆ ಕಾರ್ಯಕ್ರಮದ ಶುರುವಿನಲ್ಲೇ ದಿನಾ ಹಾಕಿದ. ಶ್ರಾವಣದ ಮದುವೆಗಳಿಗೆ ಕರೆಯಲು ಬಂದವರು "ಅದೇ ಲಾಡು" ಬೇಕೆಂದು ನಗುತ್ತಾ ಹೇಳಿದರು. ಆಷಾಢದಲ್ಲಿ ಮದುವೆ ಮಾಡಲು ಹೆದರುವ ಜನಕ್ಕೆ ಸಮಾರಾಧನೆಯ ಲಾಡು ಅಪಶಕುನ ಎನ್ನಿಸಲಿಲ್ಲ.

ದೊಡ್ಡಮ್ಮ ತರಕಾರಿಗೆ ಹೋದರೆ ಹುಡುಗರು "ಲಾಡು ಅಜ್ಜಿ" ಎಂದು ಕೂಗತೊಡಗಿದರು. ಹೆಂಗಸರು ಕೂಗಲಿಲ್ಲ, ಅದಕ್ಕಿಂತ ಕೊಳಕಾಗಿ ಮಾತಾಡಿಕೊಂಡರು. ಗಂಡ ಯಾವಾಗ ಹೋಗುತ್ತಾನೋ ಎಂದು ಕಾಯುತ್ತಿದ್ದಳಂತೆ, ನೋಡಿ ಹೇಗೆ ತಿಂದಳು ಎಂದರು. ಅಷ್ಟು ವರ್ಷ ಆ ಮನುಷ್ಯನ ಹೇಲುಚ್ಚೆ ಬಾಚಿದ ಹೆಂಗಸಿನ ಮಾನ, ಎರಡು ಲಾಡಿನಲ್ಲಿ ಬೀದಿಗೆ ಬಿತ್ತು. ಅವರು ಹೊರಗೆ ಬರುವುದನ್ನೇ ನಿಲ್ಲಿಸಿದರು.

ನಾನು ಅಣ್ಣನ ಜೊತೆ ಕಿತ್ತಾಡಿದೆ. "ಅವರು ಕದ್ದು ತಿಂದ್ರಾ? ಎಲ್ಲರ ಮುಂದೆ ತಿಂದ್ರು, ನಾನು ತೋರಿಸ್ದೆ. ಜನ ಕೇಳ್ತಿದಾರೆ, ನಾನೇನ್ ಮಾಡ್ಲಿ?" ಎಂದ. ನಾನೇ ಕೇಬಲ್‌ನವನ ಶೆಡ್ಡಿಗೆ ಹೋಗಿ ಕ್ಯಾಸೆಟ್ ಕೊಡು ಎಂದು ನಿಂತೆ. ಅವನು ನಗುತ್ತಾ ತೆಗೆದುಕೊಟ್ಟ. "ತಗೊಳ್ಳಿ ಸಿಸ್ಟರ್. ಇದು ಹೋದ್ರೆ ಇನ್ನೊಂದ್ ಕಾಪಿ ಇದೆ. ಮಲ್ಲೇಶ್ವರಂ ಕೇಬಲ್‌ನೋನೂ ಒಂದ್ ಇಸ್ಕೊಂಡ." ಆ ನಗು ನೆನೆದರೆ ಈಗಲೂ ಬಾಯಿ ಮುಕ್ಕಳಿಸಬೇಕು ಎನಿಸುತ್ತದೆ.

ಆ ತನಕ ಅಪ್ಪ ಅದನ್ನು ನೋಡಿರಲಿಲ್ಲ. ಕೇಳಿದ್ದರು, ಅಷ್ಟೆ. ಅಂದು ಸಂಜೆ ನಾನು ಅವರನ್ನು ಟಿ.ವಿ. ಮುಂದೆ ಕೂರಿಸಿದೆ. ನೋಡಿದರು. ಎದ್ದು ಹಿತ್ತಲಿಗೆ ಹೋದರು. ಶ್ರಾವಣದ ಮೊದಲ ಮದುವೆಯ ಹಿಂದಿನ ದಿನ ಅಣ್ಣ ಸಾಮಾನು ಹೇರಿಸಲು ವ್ಯಾನ್ ತಂದು ನಿಲ್ಲಿಸಿದ. ಅಪ್ಪ ಜಗಲಿಯಿಂದ ಏಳಲಿಲ್ಲ. "ಅದು ಟೀವಿಲಿ ಬರೋದು ನಿಲ್ಲೋವರೆಗೂ ನಾನು ಒಲೆ ಹಚ್ಚಲ್ಲ. ಮಲ್ಲೇಶ್ವರದ್ದೂ ಸೇರಿ. ನೀನೇ ಹೋಗಿ ಅಡುಗೆ ಮಾಡು" ಎಂದರು. ಅಣ್ಣ ಮೊದಲು ಕೂಗಾಡಿದ, ಆಮೇಲೆ ಗೋಗರೆದ. ಹುಡುಗಿ ಮನೆಯವರು ಫೋನಿನಲ್ಲಿ ಅರಚಿದರು. ಅಪ್ಪ ಅಲ್ಲಾಡಲಿಲ್ಲ. ಕೊನೆಗೆ ಅಣ್ಣ ಸ್ಕೂಟರ್ ಹತ್ತಿ ಎರಡೂ ಕಡೆ ಹೋಗಿ ಕಾಲು ಹಿಡಿದು ಕಾಪಿಗಳನ್ನು ತಂದು ಜಗಲಿಯ ಮೇಲೆ ಎಸೆದ. ಅಪ್ಪ ಎದ್ದು ಮದುವೆಗೆ ಹೋದರು. ‘ಶುಭಭೋಜನ’ ಮುಂದೆಯೂ ನಡೆಯಿತು, ಇನ್ನೂ ಬೆಳೆಯಿತು. ದೊಡ್ಡಮ್ಮನ ಮುಖ ಮಾತ್ರ ಮತ್ತೆ ಬರಲಿಲ್ಲ.

ಕೆಲವು ದಿನ ಬಿಟ್ಟು ಅಪ್ಪ, ನಾನು ಶಂಕರಪುರಕ್ಕೆ ಹೋದೆವು. ದೊಡ್ಡಮ್ಮ ಬಾಗಿಲನ್ನು ಸ್ವಲ್ಪವೇ ತೆರೆದು, ನಾವು ಎಂದು ನೋಡಿ ಒಳಗೆ ಕರೆದರು. ಅಪ್ಪ ಕೈಮುಗಿದು, "ತಪ್ಪಾಯ್ತು ತಾಯಿ. ಇನ್ಮೇಲೆ ಅದು ಬರಲ್ಲ" ಎಂದರು. "ಅಯ್ಯೋ, ನೀವ್ಯಾಕೆ ಕೈಮುಗೀತೀರಾ ಭಟ್ರೇ, ಕೂತ್ಕೊಳ್ಳಿ" ಎಂದು ದೊಡ್ಡಮ್ಮ ಅಡುಗೆಮನೆಗೆ ಹೋಗಿ ಮೂರು ತಟ್ಟೆಯಲ್ಲಿ ಉಪ್ಪಿಟ್ಟು ತಂದರು. ಎರಡನ್ನು ನಮ್ಮ ಮುಂದಿಟ್ಟು, ಒಂದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ನೀವೂ ಕೂತ್ಕೊಳ್ಳಿ ದೊಡ್ಡಮ್ಮ" ಎಂದೆ.

ಅವರು ಕೂರಲಿಲ್ಲ. "ಒಂದು ಕೇಳ್ತೀನಿ, ನಿಜ ಹೇಳು. ನಮ್ಮನೇಲಿ ಕೇಬಲ್ ಇಲ್ಲ. ಊರೆಲ್ಲ ನೋಡಿದೆ, ನಾನೊಬ್ಳೇ ನೋಡಿಲ್ಲ. ಅವರು ಹೋದ ದುಃಖ ನನ್ನ ಮುಖದಲ್ಲಿ ಒಂಚೂರೂ ಇರ್ಲಿಲ್ವಂತೆ. ಹೌದಾ?"

ಅಪ್ಪ ತಟ್ಟೆ ನೋಡಿದರು. ನಾನು "ಇತ್ತು ದೊಡ್ಡಮ್ಮ, ಚೆನ್ನಾಗಿ ಕಾಣ್ತಿತ್ತು" ಎಂದೆ.

"ಸುಳ್ಳು ಹೇಳ್ಬೇಡ ಕಣೇ" ಎಂದರು. "ಇರ್ಲಿಲ್ಲ. ನಂಗೇ ಗೊತ್ತು. ಆ ಲಾಡು ಬಾಯಲ್ಲಿ ಇದ್ದಷ್ಟು ಹೊತ್ತು ಅವರು ನೆನಪಿಗೇ ಬರ್ಲಿಲ್ಲ. ಅಷ್ಟು ರುಚಿಯಾಗಿತ್ತು." ಹೀಗೆ ಹೇಳಿ, ನಮಗೆ ತಿನ್ನಿ ಎಂದು ಸನ್ನೆ ಮಾಡಿ, ತಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಕೋಣೆಯೊಳಗೆ ಹೋದರು. ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು.